ಕುಲುಮೆ ಹಬ್ಬದ ಮೊದಲ ಎರಕ

ಫೆಬ್ರವರಿ ಹದಿನೈದು, ಶನಿವಾರ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅಜ್ಜಂಪುರ ಠಾಣೆಯ ಮುಂದೆ ಬಿಳಿ ಕಾರೊಂದು ಬಂದು ನಿಂತಿತು. ಅದರಿಂದ ಇಳಿದವರು ಬೀರೂರಿನ ಕೊಬ್ಬರಿ ಮಂಡಿಯ ರುದ್ರಮೂರ್ತಿ. ಅವರ ಶರ್ಟಿನ ತೋಳಿನಲ್ಲಿ ಎರಡು ಕಡೆ ಸುಟ್ಟು ತೂತಾಗಿತ್ತು. ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ದೂರು ಬರ್ಕೊಳ್ಳಿ. ಆ ಕಂಚುಗಾರ ಹಸಿ ಅಚ್ಚಿಗೆ ಲೋಹ ಹುಯ್ದವನೆ. ಪಕ್ಕಾ ನಿರ್ಲಕ್ಷ್ಯ. ಒಂದು ಹೆಜ್ಜೆ ಮುಂದಿದ್ದಿದ್ರೆ ನಾನೇ ಹೋಗ್ಬಿಡ್ತಿದ್ದೆ."

ಇನ್‌ಸ್ಪೆಕ್ಟರ್ ಮಹೇಂದ್ರ ಅವರನ್ನು ಕೂರಿಸಿ, ನೀರು ಕೊಡಿಸಿ, ಮೊದಲಿನಿಂದ ಹೇಳಲು ಹೇಳಿದ.

ಕುಲುಮೆ ಹಬ್ಬ ಶುರುವಾಗಿ ಇದು ಎರಡನೆಯ ವರ್ಷ. ಬೆಂಕಿ ಇಲ್ಲದೆ ನಡೆಯದ ಕಸುಬುಗಳೆಲ್ಲ ಒಂದೆಡೆ ಸೇರುವ ಹಬ್ಬ ಅದು. ರೈಲು ನಿಲ್ದಾಣದ ಹತ್ತಿರದ ಹಳೆಯ ಹತ್ತಿ ಮಿಲ್ಲಿನ ಅಂಗಳದಲ್ಲಿ ಕಮ್ಮಾರರು, ಕುಂಬಾರರು, ಅರಗಿನ ಬಳೆ ಮಾಡುವವರು, ಕಂಚು ಎರೆಯುವವರು ಜನರ ಎದುರಿಗೇ ಕೆಲಸ ಮಾಡಿ ತೋರಿಸುತ್ತಿದ್ದರು. ಕಡೂರಿನ ನಿಶ್ಚಿತಾ ಎಂಬ ಕಲಾವಿದೆ ಅದನ್ನು ಕಟ್ಟಿದವಳು. ರುದ್ರಮೂರ್ತಿ ಈ ವರ್ಷದ ಅಧ್ಯಕ್ಷರು. ಕಂಚಿನ ಗಂಟೆಯೊಂದನ್ನು ಎರೆದು ಹಬ್ಬಕ್ಕೆ ಚಾಲನೆ ಕೊಡುವುದೆಂದೂ ಮೊದಲ ಎರಕ ಅಧ್ಯಕ್ಷರ ಕೈಯಿಂದಲೇ ಎಂದೂ ಆಮಂತ್ರಣದಲ್ಲಿ ಅಚ್ಚಾಗಿತ್ತು.

"ನೀವು ಹುಯ್ಯಲಿಲ್ವಾ?" ಮಹೇಂದ್ರ ಕೇಳಿದ.

"ಲೋಹದ ಪಾತ್ರೆ ಇಕ್ಕಳದಲ್ಲಿ ಹಿಡ್ಕೊಂಡೆ. ಶಾಖ ತಡೆಯಕ್ಕಾಗ್ಲಿಲ್ಲ. ನೀನೇ ಹುಯ್ಯಪ್ಪ ಅಂತ ಪುಟ್ಟಯ್ಯನ ಕೈಗೆ ಕೊಟ್ಟು ಹಿಂದಕ್ಕೆ ಬಂದೆ."

ಲೋಹ ಅಚ್ಚಿನ ಬಾಯಿಗೆ ಬಿದ್ದ ಕೂಡಲೇ ಸಿಡಿದಿತ್ತು. ತರೀಕೆರೆಯ ಕಂಚುಗಾರ ಪುಟ್ಟಯ್ಯನ ಮುಖ, ಕತ್ತು, ಎದೆ ಬೆಂದಿದ್ದವು. ಮುಂದಿನ ಸಾಲಿನಲ್ಲಿದ್ದ ಇಬ್ಬರಿಗೆ ಸಣ್ಣ ಗಾಯ. ಪುಟ್ಟಯ್ಯನನ್ನು ಶಿವಮೊಗ್ಗಕ್ಕೆ ಸಾಗಿಸಲಾಗಿತ್ತು.

ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 125ರ ಅಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ಪುಟ್ಟಯ್ಯ ಎಂದು ಬರೆಯುವಾಗ ಹೆಡ್ ಕಾನ್‌ಸ್ಟೆಬಲ್ ಜಯಲಕ್ಷ್ಮಮ್ಮ ಒಮ್ಮೆ ತಲೆಯೆತ್ತಿ ಇನ್‌ಸ್ಪೆಕ್ಟರ್ ಮುಖ ನೋಡಿದರು. ದೂರಿನಲ್ಲಿ ಇದ್ದದ್ದು ಅದೇ.

ಮೂರೂವರೆಗೆ ಸ್ಥಳ ಪಂಚನಾಮೆ. ಅಂಗಳ ಖಾಲಿಯಾಗಿತ್ತು. ಕುಲುಮೆಗಳಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಅಚ್ಚನ್ನು ಹೂತಿದ್ದ ಮರಳಿನ ಗುಂಡಿಯ ಸುತ್ತ ಒಡೆದ ಚೂರುಗಳು, ಹೆಪ್ಪುಗಟ್ಟಿದ ಕಂಚಿನ ಹನಿಗಳು. ಇಬ್ಬರು ಪಂಚರ ಎದುರಿನಲ್ಲಿ ಕಾನ್‌ಸ್ಟೆಬಲ್ ದೇವರಾಜ ಚೂರುಗಳನ್ನು ಒಂದೊಂದಾಗಿ ಬಿಳಿ ಬಟ್ಟೆಯ ಮೇಲೆ ಜೋಡಿಸಿದ. ಅಚ್ಚಿನ ಮಣ್ಣು ಹಳದಿ, ಅದರಲ್ಲಿ ಸುಟ್ಟ ಹೊಟ್ಟಿನ ಗುರುತು. ಆದರೆ ಬಾಯಿಯ ಕಡೆಯ ಒಂದು ಚೂರಿಗೆ ಒಳಗಿನಿಂದ ಕಪ್ಪು ಮಣ್ಣಿನ ಮುದ್ದೆ ಅಂಟಿಕೊಂಡಿತ್ತು. ಲೋಹದ ಕಾವಿಗೆ ಅರ್ಧ ಬೆಂದು ಇಟ್ಟಿಗೆಯಂತೆ ಗಟ್ಟಿಯಾಗಿತ್ತು.

"ಇದೇನು ಮಣ್ಣು?" ಮಹೇಂದ್ರ ಕೇಳಿದ.

ನಿಶ್ಚಿತಾ ಬಗ್ಗಿ ನೋಡಿದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು. "ಇದು ಅಚ್ಚಿಂದಲ್ಲ ಸರ್. ನಮ್ಮ ಕುಂಬಾರಿಕೆ ಗುಂಪಿಂದು. ಮದಗದ ಕೆರೆ ಮಣ್ಣು."

"ಅಲ್ಲಿಗೆ ಹೇಗೆ ಬಂತು?"

"ಗೊತ್ತಿಲ್ಲ. ಪುಟ್ಟಯ್ಯನವರು ಬೆಳಿಗ್ಗೆ ಅಚ್ಚನ್ನ ಸುಟ್ಟು ಇಳಿಸಿ, ಒಳಗೆ ದೀಪ ಬಿಟ್ಟು ನೋಡಿದ್ರು. ಖಾಲಿ ಇತ್ತು. ನಾನೇ ಪಕ್ಕದಲ್ಲಿದ್ದೆ."

ಮುದ್ದೆಯನ್ನು ಒಳಕ್ಕೆ ಒತ್ತಿದ ಬೆರಳಿನ ಗುಳಿ ಅದರ ಮೇಲೆ ಸ್ಪಷ್ಟವಾಗಿತ್ತು. ಗುಳಿಯೊಳಗಿನ ಗೆರೆಗಳೂ ಉಳಿದಿದ್ದವು. ಮಹೇಂದ್ರ ಅದನ್ನು ಹತ್ತಿಯಲ್ಲಿ ಸುತ್ತಿಸಿ, ಡಬ್ಬಿಗೆ ಹಾಕಿಸಿ, ಅರಗು ಮುದ್ರೆ ಒತ್ತಿಸಿದ. ಯಾರೋ ಬೇಕೆಂದೇ ಹಸಿಮಣ್ಣು ತುರುಕಿದ್ದರು. ಲೋಹ ಹುಯ್ಯಬೇಕಾಗಿದ್ದವರು ಪುಟ್ಟಯ್ಯನಲ್ಲ, ರುದ್ರಮೂರ್ತಿ.

ಭಾನುವಾರ ಬೆಳಿಗ್ಗೆ ಮಹೇಂದ್ರ, ಜಯಲಕ್ಷ್ಮಮ್ಮ ಶಿವಮೊಗ್ಗದ ಆಸ್ಪತ್ರೆಗೆ ಹೋದರು. ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾರೆ, ಆದರೆ ಬೇಗ ಮುಗಿಸಿ ಎಂದರು ವೈದ್ಯರು. ಪುಟ್ಟಯ್ಯನ ಕಣ್ಣಿನ ಮೇಲೆ ಪಟ್ಟಿ ಕಟ್ಟಿತ್ತು. ಹೆಂಡತಿ ಹಾಲಮ್ಮ ಕಾಲ ಬಳಿ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದರು.

"ಅಚ್ಚಿನ ಹತ್ರ ಯಾರು ಬಂದಿದ್ರು?"

"ಎಲ್ರೂ ಬತ್ತಿದ್ರು ಸಾ. ಹಬ್ಬ ಅಲ್ವಾ. ಆ ಮಡಿಕೆ ಮಾಡೋ ಹೆಣ್ಮಕ್ಳು ಮುಚ್ಚಳ ತಂದು ಅಚ್ಚಿನ ಬಾಯಿ ಮುಚ್ಚಿದ್ರು."

"ನಿಮಗೆ ಆಗದೋರು ಯಾರಾದ್ರೂ?"

"ನಂಗ್ಯಾರು ಆಗ್ದೋರು." ಆಮೇಲೆ ಅವನೇ ಕೇಳಿದ, "ಗಂಟೆ ಬಂತಾ ಸಾ?"

"ಬಂತು ಕಣಪ್ಪ. ಚೆನ್ನಾಗಿ ಬಂತು," ಎಂದರು ಜಯಲಕ್ಷ್ಮಮ್ಮ.

ಕುಂಬಾರಿಕೆ ಗುಂಪಿನಲ್ಲಿ ಐವರು ಹೆಂಗಸರು, ಎಲ್ಲರೂ ಚೌಳಹಿರಿಯೂರಿನವರು. ಅದೇ ಮಧ್ಯಾಹ್ನ ಮಹೇಂದ್ರ ಅವರನ್ನು ಹಬ್ಬದ ಕಚೇರಿಯಲ್ಲೇ ಒಬ್ಬೊಬ್ಬರನ್ನಾಗಿ ವಿಚಾರಿಸಿದ. ಅವರಲ್ಲಿ ಹಿರಿಯಳು ಮಲ್ಲಿಕಾಂಬ, ಐವತ್ತೆಂಟು ವಯಸ್ಸು. ಹಣೆಯಲ್ಲಿ ವಿಭೂತಿ, ಉಗುರಿನ ಸಂದಿಯಲ್ಲಿ ಮಣ್ಣು.

"ಸಿಡಿದಾಗ ನೀವೆಲ್ಲಿದ್ರಿ?"

"ಹಿಂದೆ. ನಮ್ಮ ಅಂಗಡಿ ಹತ್ರ."

"ನೋಡಿದ್ರಾ?"

"ಸದ್ದು ಕೇಳ್ತು. ಆಮೇಲೆ ನೋಡ್ದೆ."

ಐವರ ಬೆರಳಚ್ಚನ್ನೂ ನಿಶ್ಚಿತಾಳದನ್ನೂ ತೆಗೆದು, ಮುದ್ದೆಯೊಂದಿಗೆ ಬೆರಳಚ್ಚು ಘಟಕಕ್ಕೆ ಕಳುಹಿಸಲಾಯಿತು.

ಸೋಮವಾರ ದೇವರಾಜ ಜನರ ಮೊಬೈಲುಗಳಿಂದ ವಿಡಿಯೋಗಳನ್ನು ಕಲೆಹಾಕಿ ತಂದ. ಎಲ್ಲದರಲ್ಲೂ ಅದೇ ದೃಶ್ಯ. ರುದ್ರಮೂರ್ತಿ ಮೈಕ್ ಹಿಡಿದು ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತದೆ ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ, ಡೊಳ್ಳು ಶುರುವಾಗುತ್ತದೆ. ಅವರು ಇಕ್ಕಳ ಹಿಡಿದು ಫೋಟೋಗೆ ನಿಂತು, ಮುಖ ತಿರುಗಿಸಿ, ಅದನ್ನು ಪುಟ್ಟಯ್ಯನ ಕೈಗೆ ದಾಟಿಸುತ್ತಾರೆ. ಆಮೇಲೆ ಸಿಡಿತ, ನೂಕುನುಗ್ಗಲು.

ಮಿಲ್ಲಿನ ಜಗುಲಿಯ ಮೇಲಿನಿಂದ ತೆಗೆದ ಒಂದರಲ್ಲಿ ಮಾತ್ರ ಜನರ ಮುಖಗಳೂ ಕಾಣುತ್ತಿದ್ದವು. ಮಹೇಂದ್ರ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ. ಇಕ್ಕಳ ಕೈ ಬದಲಾದ ಕ್ಷಣ ಗುಂಪಿನಲ್ಲಿದ್ದ ಒಬ್ಬ ಹೆಂಗಸು ಎರಡೂ ಕೈ ಎತ್ತಿ ಮುಂದಕ್ಕೆ ನುಗ್ಗುತ್ತಾಳೆ. ಅವಳ ಬಾಯಿ ತೆರೆದಿದೆ. ಯಾರದೋ ಹೆಗಲು ಅಡ್ಡ ಬರುತ್ತದೆ. ಅವಳು ಅದನ್ನು ತಳ್ಳುತ್ತಾಳೆ. ಲೋಹ ಇನ್ನೂ ಪಾತ್ರೆಯಲ್ಲೇ ಇದೆ.

"ಸಿಡಿಯೋಕ್ಕಿಂತ ಮುಂಚೆ ಇವರಿಗೆ ಹೇಗೆ ಗೊತ್ತಾಯ್ತು?" ಎಂದ ಮಹೇಂದ್ರ.

ಮಲ್ಲಿಕಾಂಬ ಎಂದು ದೇವರಾಜ ಗುರುತಿಸಿದ. ಜಯಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಪರದೆಗೆ ಮುಖ ಹತ್ತಿರ ತಂದರು. ಆಮೇಲೆ ನಿಧಾನವಾಗಿ ಕುರ್ಚಿಗೆ ಒರಗಿದರು. ನಿನ್ನೆ ವಿಚಾರಣೆ ನಡೆದಾಗ ಅವರು ಪುಟ್ಟಯ್ಯನ ಬಳಿ ಆಸ್ಪತ್ರೆಯಲ್ಲೇ ಉಳಿದಿದ್ದರು, ಈ ಮುಖವನ್ನು ನೋಡಿರಲಿಲ್ಲ.

"ಸಾರ್, ನಂಗಿವರು ಗೊತ್ತು. ನಾನು ಬೀರೂರಲ್ಲಿದ್ದಾಗ ದಿನಾ ಠಾಣೆಗೆ ಬತ್ತಿದ್ರು. ಅಶ್ವಿನಿ ತಾಯಿ."

"ಯಾವ ಅಶ್ವಿನಿ?"

"ರುದ್ರಮೂರ್ತಿ ಸೊಸೆ. ಮಗ ವಿಶ್ವಾರಾಧ್ಯನ ಹೆಂಡ್ತಿ. ಮನೇಲಿ ಸುಟ್ಕೊಂಡು ಸತ್ತೋದ್ಲಲ್ಲ."

ಹಳೆಯ ಕಡತ ಸಂಜೆಯೊಳಗೆ ಬಂತು. ಎಂಟು ವರ್ಷದ ಹಿಂದಿನ ಪ್ರಕರಣ. ಸ್ಟೌವ್ ಸಿಡಿಯಿತೆಂದು ಗಂಡನ ಮನೆಯವರು ಹೇಳಿದ್ದರು. ಮೈಮೇಲೆ ಸೀಮೆಎಣ್ಣೆ ಇತ್ತೆಂದು ಪಕ್ಕದ ಮನೆಯ ಇಬ್ಬರು ಮೊದಲು ಹೇಳಿ, ನ್ಯಾಯಾಲಯದಲ್ಲಿ ಏನೂ ನೋಡಿಲ್ಲ ಎಂದಿದ್ದರು. ಸಾಕ್ಷ್ಯ ಸಾಲದೆ ತಂದೆ, ಮಗ ಇಬ್ಬರೂ ಬಿಡುಗಡೆಯಾಗಿದ್ದರು. ನಿಜವಾಗಿ ನಡೆದದ್ದೇನೆಂದು ಕಡತದಲ್ಲಿರಲಿಲ್ಲ. ಮಹೇಂದ್ರ ಅದನ್ನು ಎರಡು ಸಲ ಓದಿ ಮುಚ್ಚಿಟ್ಟ.

ಬುಧವಾರ ಬೆಳಿಗ್ಗೆ ಪುಟ್ಟಯ್ಯ ತೀರಿಕೊಂಡ. ಅದೇ ದಿನ ಮಧ್ಯಾಹ್ನ ಬೆರಳಚ್ಚಿನ ವರದಿ ಬಂತು. ಮುದ್ದೆಯ ಮೇಲಿನದು ಮಲ್ಲಿಕಾಂಬಳ ಬಲಗೈ ಹೆಬ್ಬೆರಳು.

ರುದ್ರಮೂರ್ತಿ ಫೋನ್ ಮಾಡಿದರು. "ಪಾಪ ಹೋಗ್ಬಿಟ್ಟನಂತೆ. ಇನ್ನೇನು, ಆರೋಪೀನೇ ಇಲ್ಲ ಅಂದ್ಮೇಲೆ ಕೇಸು ಮುಗೀತಲ್ವಾ?"

"ಮುಗೀಲಿಲ್ಲ," ಎಂದ ಮಹೇಂದ್ರ.

ಹೀಗೇ ಬಿಟ್ಟರೆ ಸತ್ತವನ ಹೆಸರಿನಲ್ಲೇ ತಪ್ಪು ಉಳಿಯುತ್ತಿತ್ತು. ಬಿಡದಿದ್ದರೆ ಆ ಹೆಂಗಸು ಒಳಗೆ ಹೋಗುತ್ತಿದ್ದಳು. ಕಲಂ 103, ಕೊಲೆ, ಎಂದು ಸೇರಿಸಲು ಕೋರಿ ನ್ಯಾಯಾಲಯಕ್ಕೆ ಬರೆದು, ಅವನು ಜೀಪು ಹತ್ತಿದ.

ಚೌಳಹಿರಿಯೂರಿನ ಮನೆಯಲ್ಲಿ ಮಲ್ಲಿಕಾಂಬ ಹಿತ್ತಲಿನಲ್ಲಿ ಮಣ್ಣು ತುಳಿಯುತ್ತಿದ್ದಳು. ಪೊಲೀಸರನ್ನು ಕಂಡು ತುಳಿಯುವುದನ್ನು ನಿಲ್ಲಿಸಿದಳು.

"ಪುಟ್ಟಯ್ಯ ಹೆಂಗವ್ರೆ?"

"ಹೋಗ್ಬಿಟ್ರು," ಎಂದರು ಜಯಲಕ್ಷ್ಮಮ್ಮ.

ಅವಳು ಬಾನಿಯ ನೀರಿನಲ್ಲಿ ಕಾಲು ತೊಳೆದುಕೊಂಡಳು. ಒಂದು ಕಾಲು ತೊಳೆದು, ಇನ್ನೊಂದನ್ನು ಮರೆತು ಹಾಗೆಯೇ ಒಳಗೆ ಬಂದಳು. ಬಂಧನದ ಕಾರಣವನ್ನು ಮಹೇಂದ್ರ ಓದಿ ಹೇಳಿದಾಗ ತಲೆಯಾಡಿಸಿದಳು. ಗಂಡ ತೀರ್ಥಪ್ಪ ಬಾಗಿಲ ಹತ್ತಿರ ನಿಂತಿದ್ದ. ಅವನು ಆಡಿದ್ದು ಒಂದೇ ಮಾತು: "ಅವ್ಳು ಇನ್ನೂ ಉಂಡಿಲ್ಲ ಕಣ್ರೀ."

ಠಾಣೆಯಲ್ಲಿ ಅವಳು ಯಾವುದನ್ನೂ ಅಲ್ಲಗಳೆಯಲಿಲ್ಲ.

"ಮಣ್ಣು ಇಟ್ಟವರು ನೀವೇನಾ?"

"ನಾನೇ. ಮುಚ್ಚಳ ಮುಚ್ಚೋವಾಗ."

"ಸಿಡಿಯುತ್ತೆ ಅಂತ ಗೊತ್ತಿತ್ತಾ?"

"ಪುಟ್ಟಯ್ಯನೇ ಹೇಳ್ಕೊಟ್ಟಿದ್ರು. ಒಂದು ತೊಟ್ಟು ತೇವ ಇದ್ರೂ ಕಂಚು ಎದ್ದು ಮಖಕ್ಕೆ ಬತ್ತದೆ ಅಮ್ಮ, ಹುಷಾರು ಅಂತಿದ್ರು."

"ಯಾಕೆ ಮಾಡಿದ್ರಿ?"

ಮಲ್ಲಿಕಾಂಬ ತನ್ನ ಅಂಗೈ ನೋಡಿಕೊಂಡಳು. "ಅಶ್ವಿನಿ ಹೋದ್ಮೇಲೆ ನಮ್ಮನೇಲಿ ದೀಪ ಹಚ್ಚಕ್ಕೂ ಕೈ ಬತ್ತಿರ್ಲಿಲ್ಲ ಸಾ. ಒಲೆ ಮುಂದೆ ಕೂತ್ರೆ ಅವಳ ವಾಸನೆ. ನಿಶ್ಚಿತಾ ಬಂದು ಮಣ್ಣು ಕೈಗೆ ಕೊಟ್ಲು. ಪುಟ್ಟಯ್ಯ ಬೆಂಕಿ ಹತ್ರ ಕೂರಿಸ್ಕೊಂಡು, ಇದು ಸುಡೋದಷ್ಟೇ ಅಲ್ಲ ತಾಯಿ, ಗಟ್ಟಿನೂ ಮಾಡ್ತದೆ ಅಂದ್ರು. ಎರಡು ವರ್ಷಕ್ಕೆ ಒಂದು ಮಡಿಕೆ ಸುಟ್ಟೆ. ಆಮೇಲೆ ಆಮಂತ್ರಣ ಬಂತು. ಅವನ ಫೋಟೋ ಇತ್ತು. ಮೊದಲ ಬೆಂಕಿ ಅವನ ಕೈಗೆ ಕೊಡ್ತಾರಂತೆ, ನಾವು ಸಾಲಾಗಿ ನಿಂತು ಚಪ್ಪಾಳೆ ಹೊಡೀಬೇಕಂತೆ."

"ನಿಶ್ಚಿತಾಗೆ ಹೇಳಬಹುದಿತ್ತು."

"ಹೇಳಿದ್ರೆ? ಕೋರ್ಟೇ ಬಿಟ್ಟದೆ ಅಮ್ಮ ಅನ್ನೋಳು. ಎಲ್ರೂ ಹಂಗೇ ಅನ್ನೋದು."

"ಪುಟ್ಟಯ್ಯನ ಕೈಗೆ ಕೊಟ್ಟಾಗ ಕೂಗಿದ್ರಿ."

"ಕೂಗ್ದೆ. ಡೊಳ್ಳು ಬಡೀತಿದ್ರು."

"ರುದ್ರಮೂರ್ತಿನೇ ಹುಯ್ದಿದ್ರೆ?"

"ಕೂಗ್ತಿರ್ಲಿಲ್ಲ."

ಮಹೇಂದ್ರ ಪೆನ್ನು ಹಿಡಿದು ಕೂತ. ಪೊಲೀಸರ ಮುಂದಿನ ಹೇಳಿಕೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇದನ್ನೇ ಮ್ಯಾಜಿಸ್ಟ್ರೇಟರ ಎದುರು ಹೇಳಬೇಕಾಗಿಲ್ಲ, ಹೇಳುವ ಮೊದಲು ವಕೀಲರನ್ನು ಕೇಳಬಹುದು ಎಂದು ಎರಡು ಸಲ ತಿಳಿಸಿದ.

"ಹೇಳ್ತೀನಿ. ಪುಟ್ಟಯ್ಯನ ಮೇಲಿರೋ ಕೇಸು ತೆಗೀತೀರಲ್ವಾ?"

"ತೆಗೀತೀವಿ."

ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ದೂರುದಾರರದು. ಕೊಲೆಯ ಗುರಿಯಾಗಿದ್ದವರೂ ಅವರೇ. ಇನ್ನು ಮುಂದೆ ಸರ್ಕಾರದ ಪರವಾಗಿ ರುದ್ರಮೂರ್ತಿ ಸಾಕ್ಷಿ ಕಟಕಟೆ ಹತ್ತಬೇಕಿತ್ತು, ಅವರಿಗೆ ರಕ್ಷಣೆಯನ್ನೂ ಕೊಡಬೇಕಿತ್ತು. ಜಯಲಕ್ಷ್ಮಮ್ಮ ಆ ಹೆಸರನ್ನು ಬರೆದು ಕಾಗದವನ್ನು ಮಗುಚಿಟ್ಟರು.

ಮರುದಿನ ಬೆಳಿಗ್ಗೆ ಮಲ್ಲಿಕಾಂಬಳನ್ನು ತರೀಕೆರೆಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಗುತ್ತಿತ್ತು. ಅವಳು ಜಗುಲಿಯ ಬೆಂಚಿನ ಮೇಲೆ ಜಯಲಕ್ಷ್ಮಮ್ಮನ ಪಕ್ಕ ಕೂತಿದ್ದಳು. ಅಷ್ಟರಲ್ಲಿ ಗೇಟಿನಿಂದ ಹಾಲಮ್ಮ ಒಳಗೆ ಬಂದರು. ಮರಣೋತ್ತರ ವರದಿಯ ಪ್ರತಿಗೆಂದು ಬಂದವರು. ಮಲ್ಲಿಕಾಂಬಳನ್ನು ಕಂಡವರೇ ಓಡಿಬಂದು ಪಕ್ಕದಲ್ಲಿ ಕೂತು ಎರಡೂ ಕೈ ಹಿಡಿದುಕೊಂಡರು.

"ಅಕ್ಕಾ, ನೀವಾದ್ರೂ ಬಂದ್ರಲ್ಲ. ಸಮಿತಿಯೋರು ಒಬ್ರೂ ಇತ್ಲಾಗೆ ತಲೆ ಹಾಕ್ಲಿಲ್ಲ. ಇವ್ರದೇ ತಪ್ಪು ಅಂತ ಊರೆಲ್ಲ ಆಡ್ಕೊಂತಾರೆ ಕಣಕ್ಕ. ಅಷ್ಟು ವರ್ಷ ಎರಕ ಹುಯ್ದ ಕೈ..."

"ಅವ್ರು ತಪ್ಪು ಮಾಡ್ಲಿಲ್ಲ ಹಾಲಮ್ಮ," ಎಂದಳು ಮಲ್ಲಿಕಾಂಬ. "ಅಚ್ಚಿಗೆ ಹಸಿಮಣ್ಣು ಇಟ್ಟಿದ್ದು ನಾನು."

ಸಮಾಧಾನದ ಮಾತು ಕೇಳಿದವರಂತೆ ಹಾಲಮ್ಮ ತಲೆಯಾಡಿಸುತ್ತಲೇ ಇದ್ದರು. ಕೈ ಬಿಡಲಿಲ್ಲ. ಆಮೇಲೆ ಜಯಲಕ್ಷ್ಮಮ್ಮನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ಬೆರಳುಗಳು ತಾವಾಗಿಯೇ ಸಡಿಲಾದವು.

"ಯಾಕಕ್ಕಾ?"

ಇನ್‌ಸ್ಪೆಕ್ಟರ್ ಕೇಳಿದಾಗ ಹೇಳಿದ ಮಾತುಗಳಲ್ಲಿ ಒಂದೂ ಮಲ್ಲಿಕಾಂಬಳ ಬಾಯಿಗೆ ಬರಲಿಲ್ಲ. ಜಯಲಕ್ಷ್ಮಮ್ಮ ಅವಳ ರಟ್ಟೆ ಹಿಡಿದು ಎಬ್ಬಿಸಿ ಜೀಪಿಗೆ ಹತ್ತಿಸಿದರು. ಮುಂದಿನ ಸೀಟಿನಲ್ಲಿ ಕೂತ ಮಹೇಂದ್ರ ಹಿಂದಕ್ಕೆ ತಿರುಗಿ ನೋಡಲಿಲ್ಲ. ಜೀಪು ತರೀಕೆರೆಯ ರಸ್ತೆಗೆ ತಿರುಗಿತು.

ಹಾಲಮ್ಮ ಬೆಂಚಿನ ಮೇಲೆಯೇ ಕೂತಿದ್ದರು. ದೇವರಾಜ ವರದಿಯ ಪ್ರತಿಯನ್ನೂ ಶಾಯಿಯ ಡಬ್ಬಿಯನ್ನೂ ತಂದು ಎದುರಿಗೆ ನಿಂತ. ಅವರು ತಲೆಯೆತ್ತಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಕೇಳಿದರು.