ಸದ್ದುನುಂಗಿ ಮತ್ತು ಸುಬೇದಾರರ ಗೊರಕೆ

ರಾಷ್ಟ್ರರಕ್ಷಣೆಗೆ ಸಂಬಂಧಿಸಿದ ಒಂದು ಗಂಭೀರ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು: ಸುಬೇದಾರ್ ಅಡಿವೆಪ್ಪ ಗೊರಕೆ ಹೊಡೆಯುತ್ತಿದ್ದರು.

ಅವರದು ಪ್ಯಾರಾಚೂಟ್ ದಳ. ರಾತ್ರಿ ಶತ್ರುವಿನ ನೆಲದಲ್ಲಿ ಇಳಿದು, ಹಗಲೆಲ್ಲ ಪೊದೆಯಲ್ಲಿ ಅಡಗಿ ಮಲಗುವುದು ಅದರ ಪದ್ಧತಿ. ಕಳೆದ ಅಣಕುಯುದ್ಧದಲ್ಲಿ ಎದುರು ಪಕ್ಷದವರು ಗೊರಕೆಯ ಜಾಡು ಹಿಡಿದು ಬಂದು ಇಡೀ ದಳವನ್ನು ಸೆರೆಹಿಡಿದಿದ್ದರು. ಇನ್ನೊಮ್ಮೆ ಹೀಗಾದರೆ ಅಡಿವೆಪ್ಪನವರನ್ನು ಉಗ್ರಾಣಕ್ಕೆ ಹಾಕಿ, ದಳವನ್ನು ಬೇರೆಯವರ ಕೈಗೆ ಕೊಡುವುದಾಗಿ ಕರ್ನಲ್ ಹೇಳಿದ್ದರು. ನಿಜವಾದ ಯುದ್ಧವೂ ಹತ್ತಿರವಾಗುತ್ತಿತ್ತು.

ಅದೇ ವಾರ ಶಸ್ತ್ರವಿಜ್ಞಾನಿ ಡಾ. ಮಂದಾಕಿನಿ ತಮ್ಮ ಕಿರು ಮಷಿನ್‌ಗನ್ನುಗಳನ್ನು ಪರೀಕ್ಷೆಗೆ ತಂದರು. ಅವುಗಳ ಮೂತಿಯಲ್ಲಿ 'ಸದ್ದುನುಂಗಿ' ಎಂಬ ಕೊಳವೆಯಿತ್ತು. ಸದ್ದೆಂದರೆ ಗಾಳಿಯಲ್ಲಿ ಏಳುವ ಅಲೆ. ಅದಕ್ಕೆ ಸರಿಯಾಗಿ ತಿರುಗುಮುರುಗಾದ 'ಎದುರಲೆ'ಯನ್ನು ಕೊಳವೆ ಹೊರಡಿಸುತ್ತದೆ, ಎರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಬಂದೂಕಿನ ಹಿಂದೆ ಹುಟ್ಟಿದ ಯಾವ ಸದ್ದೂ ಅದನ್ನು ದಾಟಿ ಮುಂದೆ ಹೋಗದು. ಆದರೆ ಮುಂದಿನಿಂದ ಬರುವ ಸದ್ದು ಸೈನಿಕನಿಗೆ ಎಂದಿನಂತೆ ಕೇಳಿಸುತ್ತದೆ.

ಯಾವ ಸದ್ದೂ ಅಂದರೆ ಯಾವ ಸದ್ದು ಎಂದು ಅಡಿವೆಪ್ಪ ಸಂಕೋಚದಿಂದ ವಿಚಾರಿಸಿದರು. ಡಾಕ್ಟರಿಗೆ ತಕ್ಷಣ ಅರ್ಥವಾಯಿತು.

ಎರಡನೆಯ ಅಣಕುಯುದ್ಧದ ಹಗಲು, ಸುಬೇದಾರರು ಎಂದಿನಂತೆ ದಳದಿಂದ ದೂರ ಹೋಗಿ, ಬಂದೂಕನ್ನು ಮೂತಿ ದಳದ ಕಡೆಗಿರುವಂತೆ ತಮಗೂ ದಳಕ್ಕೂ ನಡುವೆ ಮಲಗಿಸಿ ನಿದ್ದೆಹೋದರು. ಗೊರಕೆ ಹುಟ್ಟಿದಲ್ಲೇ ಅಡಗಿತು. ಎದುರು ಪಕ್ಷದವರು ದಳವಿದ್ದ ಪೊದೆಯ ಪಕ್ಕದಲ್ಲೇ ಬೀಡಿ ಸೇದಿ, ಏನೂ ಕೇಳದೆ ಮುಂದೆ ಹೋದರು.

ಆದರೆ ಆ ರಾತ್ರಿ ದಳದ ಅರ್ಧ ಜನ ನಡೆಯುತ್ತಲೇ ತೂಕಡಿಸಿ, ದಾರಿ ತಪ್ಪಿ, ಎದುರು ಪಕ್ಷದ ಅಡುಗೆ ಡೇರೆಗೇ ಹೋಗಿ ಸೇರಿದರು. ಅಲ್ಲಿ ಅವರಿಗೆ ಚಹಾ ಕೊಟ್ಟು ಬಂಧಿಸಲಾಯಿತು.

ಹಗಲೆಲ್ಲ ಏನು ಮಾಡಿದಿರಿ ಎಂದು ಡಾಕ್ಟರ್ ಕೇಳಿದಾಗ ನಾಯಕ್ ಫಕೀರಪ್ಪ ನೆಲ ನೋಡಿದ.

"ಬಂದೂಕ ಹಿಡಕೊಂಡು ಕುಂತಿದ್ವಿರೀ. ಗೊರಕಿ ನಿಂತೈತಿ ಅಂದ್ರ ಸಾಹೇಬ್ರು ಎದ್ದಾರ. ಸಾಹೇಬ್ರು ಎದ್ದಾರಂದ್ರ ಯಾರೋ ಬಂದಾರ. ನಿದ್ದಿ ಹೆಂಗ ಬರ್ಬೇಕ್ರಿ, ಮೇಡಂ?"

ಅಡಿವೆಪ್ಪನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

"ನಿಮ್ಮ ನಿದ್ದಿ ಕೆಡಬಾರದಂತ ನಾ ಇಷ್ಟು ವರ್ಷ ದೂರ ಮಲಗೀನಲ್ಲೋ."

"ನೀವು ದೂರ ಹೋದಂಗ ನಾವೂ ಹಾಸಿಗಿ ಸರಸ್ಕೊಂತ ಬಂದೀವ್ರಿ ಸಾಹೇಬ್ರ."

ಮಂದಾಕಿನಿ ಕರ್ನಲ್‌ರಿಂದ ಇನ್ನೊಂದೇ ಒಂದು ಪರೀಕ್ಷೆಗೆ ಒಪ್ಪಿಗೆ ಪಡೆದರು. ಈ ಸಲ ದಳದ ಬಂದೂಕುಗಳನ್ನೆಲ್ಲ ಮೂತಿ ಹೊರಗೆ ಮಾಡಿ ಸುತ್ತಲೂ ವೃತ್ತಾಕಾರವಾಗಿ ನೆಲಕ್ಕಿಟ್ಟು, ನಡುವೆ ಸುಬೇದಾರರನ್ನೂ ಅವರ ಸುತ್ತ ಇಡೀ ದಳವನ್ನೂ ಮಲಗಿಸಿದರು. ಒಳಗೆ ಗೊರಕೆ ಗಿರಣಿಯಂತೆ ನಡೆಯಿತು. ವೃತ್ತದಾಚೆ ಇರುವೆಗೂ ಕೇಳಲಿಲ್ಲ. ಕರ್ನಲ್ ತಾವೇ ಪೊದೆಯ ಹೊರಗೆ ಕಿವಿಗೊಟ್ಟು ನಿಂತು, ಉಗ್ರಾಣದ ಮಾತನ್ನು ಅಲ್ಲಿಗೇ ಕೈಬಿಟ್ಟರು.

ಮುಂದಿನ ತಿಂಗಳು ಯುದ್ಧವಾಯಿತು. ದಳ ಶತ್ರುವಿನ ನೆಲದಲ್ಲಿ ಇಳಿದು ಅಡಗಿ ಕುಳಿತಿದ್ದಾಗಲೇ ಸಂಧಾನವೂ ಆಯಿತು. ನಿಶ್ಶಬ್ದ ಬಂದೂಕುಗಳಿಂದ ಒಂದು ಗುಂಡೂ ಹಾರಲಿಲ್ಲ. ಎಲ್ಲರೂ ಚೆನ್ನಾಗಿ ನಿದ್ದೆ ಮಾಡಿ ಹಿಂದಿರುಗಿದರು.