ಹುಣಸೆಹಣ್ಣಲ್ಲಿ ಮಿಂದ ರೋಮಿನ ದೊರೆ

ಪಿಸ್ತೂಲಿನ ಮೂತಿ ನನ್ನ ಎಡಗಿವಿಗೆ ತಾಗಿತ್ತು... ತಣ್ಣಗೆ!

"ಬಂದೇನವಾಜ್, ಐದು ಮಿನಿಟು ಟೈಮು. ಯಾವುದು ಅಸಲಿ, ಯಾವುದು ನಕಲಿ? ಹೇಳು!"

ದೇವೀಂದ್ರಪ್ಪ ಸಾವ್ಕಾರ. ಕದ್ದ ಮೂರ್ತಿ, ಹಳೇ ನಾಣ್ಯ ಮಾರುವ ದೊಡ್ಡ ಮನುಷ್ಯ. ನಿಜಾಮನ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ವರ್ಷವಾಗಿತ್ತು. ಕಲಬುರಗಿಯ ಬಂದೂಕು, ಪಿಸ್ತೂಲುಗಳೆಲ್ಲ ಠಾಣೆ ಸೇರಿದ್ದವು. ಇದೊಂದು ಉಳಿದಿತ್ತು ನೋಡಿ, ಅದೂ ನನ್ನ ಕಿವಿಗೇ ಬರಬೇಕೆ!

ಮೇಜಿನ ಮೇಲೆ ಎರಡು ಕಂಚಿನ ಬಿಲ್ಲೆ. ಬೆಳ್ಳಿ ರೂಪಾಯಿಗಿಂತ ದೊಡ್ಡವು. ಎರಡರಲ್ಲೂ ಗಡ್ಡದ ರೋಮನ್ ದೊರೆ. ಒಂದು ಕಮಲಾಪುರದ ಮಾನಮ್ಮನ ದೇವರ ಜಗಲಿಯಿಂದ ಕದ್ದದ್ದು. ಇನ್ನೊಂದು ಅದರದೇ ಅಚ್ಚು ತೆಗೆದು ಮೋಮಿನಪುರದ ನಬಿಸಾಬ್ ಎರಕ ಹೊಯ್ದದ್ದು.

ಮಾನಮ್ಮನಿಗೆ ಆ ಗಡ್ಡದವನೇ ಮನೆದೇವರು. ಅವನು ಬರುವವರೆಗೆ ಅನ್ನ ಮುಟ್ಟುವುದಿಲ್ಲ ಎಂದು ಕೂತು ನಾಲ್ಕು ದಿನ. ವಯಸ್ಸು ಎಪ್ಪತ್ತು! ಐದನೆಯ ದಿನ ನೋಡುತ್ತಾಳೆಂಬ ಭರವಸೆ ನನಗಿರಲಿಲ್ಲ. ಹಳೇ ನಾಣ್ಯ ಗುರುತಿಸುವುದು, ಕದಿಯುವುದು ಎರಡೂ ನನ್ನ ಕಸುಬೇ. ಅದಕ್ಕೇ ಬಿಲ್ಲೆ ಎತ್ತಲು ಬಂದೆ... ಸಿಕ್ಕಿಬಿದ್ದೆ.

"ಕಿಲುಬು ನೋಡಿದ್ರ ಗುರ್ತು ಸಿಗತಿತ್ತಲ್ರೀ ಸಾವ್ಕಾರ್ರ?"

ಅವನ ಮುಖ ಹುಳ್ಳಗಾಯಿತು. ಹೆಂಡತಿ ಶೇವಂತಾ ಒಳಗಿನಿಂದ ಇಣುಕಿದಳು.

"ದಸರಾ ಬಂತಲ್ರೀ ಅಣ್ಣಾರ! ಮನ್ಯಾಗಿನ ತಾಮ್ರ, ಹಿತ್ತಾಳಿ ಎಲ್ಲಾ ಬೆಳಗಾಕತ್ತಿದ್ದೆ. ಒಂದಕ್ಕ ಕಿಲುಬು ಹತ್ತಿತ್ತು... ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ, ಇನ್ನೊಂದರ ಜೋಡಿ ಮಾಡೀನಿ!"

ಸಾವಿರದ ಎಂಟುನೂರು ವರ್ಷದ ಕಿಲುಬು. ಒಂದೇ ಬೆಳಿಗ್ಗೆಯಲ್ಲಿ ಮುಗಿಸಿದ್ದಳು ತಾಯಿ! ನನಗೆ ನಗು ಬಂತು. ಪಿಸ್ತೂಲು ನೆನಪಾಗಿ ನುಂಗಿಕೊಂಡೆ.

ಎರಡನ್ನೂ ಕೈಗೊಂದರಂತೆ ಎತ್ತಿ ಅಂಚು ನೋಡಿದೆ.

ಎರಕಕ್ಕೆ ಅಚ್ಚು ಕೂಡಿದ ಕಡೆ ಗೆರೆ ಬೀಳುತ್ತದೆ. ನಬಿಸಾಬ್ ಅದನ್ನು ಅರದಿಂದ ಉಜ್ಜಿದ್ದ, ಗೀರು ಉಳಿದಿತ್ತು. ರೋಮಿನವರದು ಸುತ್ತಿಗೆ ಏಟಿನ ಮುದ್ರೆ, ಅಂಚು ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ಮೇಲಾಗಿ ಎರಕ ಆರಿದರೆ ಕುಗ್ಗುತ್ತದೆ. ಎಡಗೈಯದು ಒಂದೆಳೆ ಸಣ್ಣದು...

ಹೊರಗೆ ಕಾರಿನ ಹಾರ್ನ್! ಬೊಂಬಾಯಿ ಗಿರಾಕಿ ಬಂದಿದ್ದ.

"ಲಗೂ ಹೇಳು!"

"ಬಲಗೈಯಾಗಿಂದು ಅಸಲಿ."

ಸತ್ಯವನ್ನೇ ಹೇಳಿದ್ದೆ.

ದೇವೀಂದ್ರಪ್ಪ ಗಹಗಹಿಸಿ ನಕ್ಕ. "ಹುಟ್ಟಿದಾಗಿಂದ ಒಂದ ಖರೇ ಮಾತು ಆಡಿಲ್ಲ ನೀ! ಎಡಗೈಯಾಗಿಂದು ಇಲ್ಲಿ ತಾ. ಬಲಗೈಯಾಗಿಂದು ಒಯ್ದು ಆ ಮುದುಕಿಗಿ ಕೊಡು, ನಡಿ!"

ನಾನು ನಂಬಿದ್ದೂ ಅವನ ಆ ಬುದ್ಧಿಯನ್ನೇ.

ಅಂಗಳ ದಾಟುವಷ್ಟರಲ್ಲಿ ಗಿರಾಕಿಯ ಕೂಗು. "ನಕಲಿ!"

ಓಡಿದೆ! ಹಿಂದಿನಿಂದ ಗುಂಡು... ಠಣ್! ಶೇವಂತಾ ಬೆಳಗಿಟ್ಟ ತಾಮ್ರದ ಕೊಡಕ್ಕೆ ಬಿತ್ತು. ಆಮೇಲೆ ಕೇಳಿದ್ದು ಅವಳ ಬೈಗುಳ ಮಾತ್ರ. ಸಾವ್ಕಾರ ನನ್ನ ಬೆನ್ನಟ್ಟುವ ಸ್ಥಿತಿಯಲ್ಲಿರಲಿಲ್ಲ.

ಸಿಕ್ಕ ಬಸ್ಸು ಹತ್ತಿದೆ. ಸಂಜೆಯೊಳಗೆ ಕಮಲಾಪುರ.

ಮಾನಮ್ಮ ಗೋಡೆಗೆ ಒರಗಿದ್ದಳು. ಬಿಲ್ಲೆ ಕೈಗಿಟ್ಟೆ.

"ಇದಲ್ಲೋ ಯಪ್ಪಾ. ನನ್ನ ದೇವ್ರು ಕರ್ರಗ ಇದ್ದ."

ಅಂಚು, ಅರ, ಬಿರುಕು... ಎಲ್ಲ ವಿವರಿಸಿದೆ. ಅವಳು ಕೇಳಲೇ ಇಲ್ಲ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ದೊರೆಯ ಮೂಗು ಸವರಿದಳು. ಐವತ್ತು ವರ್ಷ ಕುಂಕುಮ ಹಚ್ಚಿ ಅವಳೇ ಸವೆಸಿದ ಮೂಗು!

"ಇವನ... ಇವನ ನನ್ನಪ್ಪ! ಇಷ್ಟು ಚೊಲೊ ಜಳಕಾ ಯಾರು ಮಾಡಿಸ್ಯಾರ?"

ನನ್ನ ಕಣ್ಣು ತುಂಬಿ ಬಂತು. ಅವಳು ರೊಟ್ಟಿ ಮುರಿದು ಬಾಯಿಗಿಟ್ಟಳು.

"ಹೆಂಗ ಬಿಡಿಸ್ಕೊಂಡು ಬಂದಿಯೋ?"

"ಖರೇ ಮಾತು ಹೇಳಿ ಬಂದೀನಿ, ಆಯಿ."

ಅವಳೂ ನಂಬಲಿಲ್ಲ!