ಬಿದಿರು, ಸರೋವರ

ಮೊಹರು ಮಗಳಿಗೆ ಎಂದು ಔ ಮೇಷ್ಟ್ರು ಎಲ್ಲ ಶಿಷ್ಯರ ಮುಂದೆ ಸಾರಿದ ದಿನವೇ ಅವರನ್ನು ಕೊಲ್ಲಬೇಕೆಂದು ಫಾನ್ ನಿಶ್ಚಯಿಸಿದ. ಮೊಹರು ಯಾರ ಕೈಯಲ್ಲಿದೆಯೋ, ದಕ್ಷಿಣದ ಕೌಲೂನಿನ ಆ ಬರಹಶಾಲೆ ಅವರದೇ. ಪೀಕಿಂಗಿನಿಂದ ಓಡಿಬಂದ ಮೇಲೆ ಅಲ್ಲಿ ಮಸಿ ಅರೆಯುತ್ತಲೇ ಅವನ ತಲೆ ನರೆತಿತ್ತು.

"ಉರೀತಾ ಇದೆಯೇನೋ, ಉತ್ತರದವನೇ?" ಮೇಷ್ಟ್ರು ಕೆಣಕಿದ್ದರು. "ನಿನ್ನ ಅಕ್ಷರ ಹೆಣಕ್ಕೆ ಹೊದಿಸಿದ ರೇಷ್ಮೆ ಕಣೋ. ಚಂದ ಇದೆ, ಉಸಿರಿಲ್ಲ. ಬರೆಯೋಕೆ ಮುಂಚೆ ಬಾಯಲ್ಲಿ ಹೇಳ್ಕೋ ಅಂತ ಎಷ್ಟು ಸಲ ಬಡ್ಕೊಳ್ಳಲಿ?"

ಶಿಷ್ಯರೆಲ್ಲ ನಕ್ಕರು. ಫಾನನೂ ನಕ್ಕ.

ಮುದುಕ ಕುಂಚ ಎತ್ತುವ ಮೊದಲು ಪ್ರತಿ ಸಾಲನ್ನೂ ಗುನುಗುವುದು ಅವನಿಗೆ ಅಸಹ್ಯವಾಗಿತ್ತು. ಈ ಊರಿನ ಮಾತೇ ಅಸಹ್ಯ. ಪದಗಳ ಬಾಲವನ್ನು ಹಲ್ಲಿನಿಂದ ಕಡಿದು ಉಗುಳಿದ ಹಾಗೆ. ಮೀನು ಕೊಳ್ಳುವಷ್ಟು ಕಲಿತು ಅವನು ಸುಮ್ಮನಾಗಿದ್ದ. ಬರಹಕ್ಕೆ ಬಾಯಿ ಯಾಕೆ ಬೇಕು? ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರು ಒಂದೇ ಹಾಳೆಯನ್ನು ಓದಿ ಒಂದೇ ಅರ್ಥ ತಿಳಿಯುತ್ತಾರೆ. ಅಕ್ಷರ ಕಣ್ಣಿನ ಆಸ್ತಿ.

ಮೇಷ್ಟ್ರ ಕೈಯನ್ನು ಅವನು ರೋಗಾಣುವನ್ನು ಅಭ್ಯಸಿಸುವಂತೆ ಅಭ್ಯಸಿಸಿದ. ಕುಂಚ ಎಲ್ಲಿ ಒತ್ತುತ್ತದೆ, ಎಲ್ಲಿ ಏಳುತ್ತದೆ, ಮಸಿ ತೀರಿದಾಗ ಗೆರೆಯ ಒಡಲಲ್ಲಿ ಬಿಳುಪು ಹೇಗೆ ಸೀಳುತ್ತದೆ. ಆಮೇಲೆ ಅವರ ಹೆಸರಿನಲ್ಲಿ ವಿದಾಯದ ಪದ್ಯವೊಂದನ್ನು ತಾನೇ ಕಟ್ಟಿ, ಅವರ ಕೈಯ ಹಾಗೆಯೇ ಬರೆದ: ಕಾಯಿಲೆಗೆ ಸೋತೆ, ನಾನೇ ಹೊರಡುತ್ತೇನೆ, ಮೊಹರು ಫಾನನಿಗಿರಲಿ. ನಾಲ್ಕೇ ಸಾಲು. ಎರಡನೆಯದು 'ಬಿದಿರು' ಎಂದು ಮುಗಿಯುತ್ತಿತ್ತು, ನಾಲ್ಕನೆಯದು 'ಸರೋವರ' ಎಂದು. ಮನಸ್ಸಿನಲ್ಲೇ ಒಮ್ಮೆ ಓದಿಕೊಂಡ. ಬಿದಿರು ಜು, ಸರೋವರ ಹು. ಪ್ರಾಸ ಗಂಟೆ ಹೊಡೆದಂತೆ ಕೂಡಿತು.

ಬೆಳಗಿನ ಕಷಾಯ ಕಾಸುವುದು ಅವನದೇ ಕೆಲಸ.

"ಇವತ್ತು ಕಹಿ ಜಾಸ್ತಿ ಕಣೋ."

"ಕಾಯಿಲೆನೂ ಜಾಸ್ತಿಯಾಗಿದೆಯಲ್ಲ, ಗುರುಗಳೇ."

ಮೇಷ್ಟ್ರ ಹೆಣದ ಪಕ್ಕ ಸಿಕ್ಕ ಪದ್ಯದ ಹಾಳೆಯನ್ನು ಪೊಲೀಸರು ಒಯ್ದು ಇಬ್ಬರು ಪರಿಣತರಿಗೆ ತೋರಿಸಿದರು. ಇಬ್ಬರೂ ಭೂತಗನ್ನಡಿ ಹಿಡಿದು ಗೆರೆಗೆರೆಯನ್ನೂ ನೋಡಿ, ಮೇಷ್ಟ್ರದೇ ಕೈ ಎಂದರು. ಒಬ್ಬರಂತೂ ಕಣ್ಣೊರೆಸಿಕೊಂಡರು. ಏಳನೆಯ ದಿನದ ಪೂಜೆಯ ಹೊತ್ತಿಗೆ ಇನ್‌ಸ್ಪೆಕ್ಟರ್ ತಾನೇ ಬಂದು ಹಾಳೆಯನ್ನು ಹಿಂದಿರುಗಿಸಿದ. ಫಾನ್ ಅವನಿಗೆ ಚಹಾ ಬಗ್ಗಿಸಿಕೊಟ್ಟ.

ಸೆಣಬಿನ ಶೋಕದ ಉಡುಪಿನಲ್ಲಿದ್ದ ಮಗಳು ಸೌಯಿಂಗ್ ಹಾಳೆಯನ್ನು ಎರಡೂ ಕೈಯಿಂದ ಹಿಡಿದು, "ಅಪ್ಪನ ಕೊನೇ ಪದ್ಯ, ಅಪ್ಪನಿಗೆ ಕೇಳೋ ಹಾಗೆ ಓದ್ತೀನಿ" ಎಂದು ತಮ್ಮ ಮನೆಮಾತಿನಲ್ಲಿ ಗಟ್ಟಿಯಾಗಿ ಓದಿದಳು. ಎರಡನೆಯ ಸಾಲು 'ಜುಕ್' ಎಂದು ಕಡಿದು ನಿಂತಿತು. ನಾಲ್ಕನೆಯದು 'ವೂ' ಎಂದು ಎಳೆಯಿತು. ಅವಳು ತಡೆದಳು. ಮತ್ತೆ ಓದಿದಳು: ಜುಕ್, ವೂ. ಬಾಗಿದ್ದ ಶಿಷ್ಯರ ತಲೆಗಳು ಒಂದೊಂದಾಗಿ ಎದ್ದವು. "ಜ್ವರದಲ್ಲಿ ಬಡಬಡಿಸುವಾಗಲೂ ಅಪ್ಪ ಪ್ರಾಸ ತಪ್ಪಿದವರಲ್ಲ" ಎಂದಳು ಮೆಲ್ಲಗೆ. ಇನ್‌ಸ್ಪೆಕ್ಟರ್ ಚಹಾ ಬಟ್ಟಲನ್ನು ಕೆಳಗಿಟ್ಟ. ಅವಳು ಫಾನನ ಕಡೆ ತಿರುಗಿದಳು. "ಅಣ್ಣ, ಬಿದಿರು, ಸರೋವರ — ಇವೆರಡನ್ನ ನಿಮ್ಮೂರಲ್ಲಿ ಹೇಗೆ ಹೇಳ್ತೀರಿ?"